ತಾಯಂದಿರು ಬಚ್ಚಿಟ್ಟ ಬೇನೆ: ಗರ್ಭಕೋಶದ ಜಾರುವಿಕೆಯಿಂದ ಮೂತ್ರಪಿಂಡಕ್ಕೆ ಒದಗುವ ಕೇಡು

ಹೆಣ್ಣುಮಕ್ಕಳ ಕೆಲವು ಕಾಯಿಲೆಗಳಿಗೆ ಗ್ರಂಥಗಳಲ್ಲಿ ಪೂರ್ಣ ಹೆಸರಿರುತ್ತದೆ, ಮನೆಗಳಲ್ಲಿ ಮಾತ್ರ ಅರ್ಧ ಮಾತಿರುತ್ತದೆ. "ಮೈ ಇಳಿದಿದೆ", "ಕೆಳಗೆ ಜಾರಿದಂತಿದೆ", "ಕೂತರೆ ಏನೋ ತಗಲುತ್ತದೆ" ಎಂದು ಅಕ್ಕತಂಗಿಯರ ಕಿವಿಯಲ್ಲಿ ಹೇಳಿ ಮುಗಿಸುವ ಈ ಬೇನೆಯನ್ನು ಹತ್ತು, ಇಪ್ಪತ್ತು, ಮೂವತ್ತು ವರ್ಷಗಳ ಕಾಲ ಸೆರಗಿನ ಮರೆಯಲ್ಲಿ ಹೊತ್ತು ನಡೆದ ತಾಯಂದಿರು ನಮ್ಮ ಹಳ್ಳಿಗಳಲ್ಲಿ ಕಡಿಮೆಯಿಲ್ಲ. ವೈದ್ಯರು ಇದನ್ನು ಗರ್ಭಕೋಶದ ಜಾರುವಿಕೆ ಎನ್ನುತ್ತಾರೆ. ಗರ್ಭಕೋಶದೊಡನೆ ಮೂತ್ರಕೋಶವೂ ಗುದನಾಳವೂ ತಮ್ಮ ನೆಲೆಯಿಂದ ಕೆಳಗಿಳಿಯುವುದುಂಟಾದ್ದರಿಂದ ಶ್ರೋಣಿಯ ಅಂಗಗಳ ಜಾರುವಿಕೆ ಎಂಬ ವಿಶಾಲ ಹೆಸರೂ ಇದಕ್ಕೆ ಇದೆ.

ಮನೆಮಂದಿಯೆಲ್ಲ ಓದುವ ಪತ್ರಿಕೆಯಲ್ಲಿ ಇಂತಹ ವಿಷಯವನ್ನು ಪ್ರಸ್ತಾಪಿಸಬಹುದೇ ಎಂದು ಕೆಲವರಿಗೆ ಅನ್ನಿಸಬಹುದು. ಹೆಣ್ಣಿನ ದೇಹಕ್ಕೆ ಸೂತಕದ ಕಳಂಕವನ್ನು ಅಂಟಿಸಬಾರದೆಂದು ಹನ್ನೆರಡನೆಯ ಶತಮಾನದಲ್ಲಿಯೇ ಶರಣರು ಸಾರಿದ ನಾಡಿದು. ಆ ಪರಂಪರೆಯ ಮನೆಗಳಲ್ಲಿ ತಾಯಿಯ ಕಾಯಿಲೆಯ ಹೆಸರನ್ನು ಹೇಳಲು ನಾಚುವುದು ಸಲ್ಲದೆಂದು ನಾವು ತಿಳಿದಿದ್ದೇವೆ. ಅದಕ್ಕಿಂತಲೂ ಬಲವಾದ ಇನ್ನೊಂದು ಕಾರಣವಿದೆ. ಇದು ಕೇವಲ ಅನಾನುಕೂಲವೆಂದೂ, ಹೆತ್ತವಳಿಗೆ ಇದ್ದದ್ದೇ ಎಂದೂ ಸಹಿಸಿಕೊಂಡು ಬಂದವರಲ್ಲಿ ಕೆಲವರ ಎರಡು ಮೂತ್ರಪಿಂಡಗಳೂ ಸದ್ದಿಲ್ಲದೆ ಹಾಳಾಗುತ್ತವೆ. ಸಕಾಲದಲ್ಲಿ ಒಂದು ಮಾತು ಹೇಳಿದ್ದರೆ ತಪ್ಪಿಸಬಹುದಾಗಿದ್ದ ಹಾನಿ ಇದು.

ಜಾರುವಿಕೆ ಎಂದರೇನು?

ಸೊಂಟದ ಮೂಳೆಗಳ ಬಟ್ಟಲಿನ ತಳದಲ್ಲಿ ತೂಗುಮಂಚದಂತೆ ಹರಡಿಕೊಂಡ ಸ್ನಾಯುಗಳಿವೆ. ಅವುಗಳ ಮೇಲೆ ಮುಂದೆ ಮೂತ್ರಕೋಶ, ನಡುವೆ ಗರ್ಭಕೋಶ, ಹಿಂದೆ ಗುದನಾಳ ನೆಲೆಸಿವೆ. ಗರ್ಭಕೋಶವನ್ನು ಎರಡು ಪಕ್ಕಗಳಿಂದಲೂ ಹಿಂದಿನಿಂದಲೂ ಬಿಗಿಯಾದ ಕಟ್ಟುಗಳು ಹಿಡಿದಿರುತ್ತವೆ. ಹಲವು ಹೆರಿಗೆಗಳು, ಬಹು ಹೊತ್ತು ಎಳೆದ ಹೆರಿಗೆ, ಚಿಕ್ಕ ವಯಸ್ಸಿನ ಬಸಿರು, ಬಾಣಂತನದಲ್ಲಿ ಬೇಗನೆ ಹೊರೆ ಹೊರುವುದು, ಬಹುಕಾಲದ ಕೆಮ್ಮು, ಮಲಬದ್ಧತೆ ಇವುಗಳಿಂದ ಸ್ನಾಯುಗಳೂ ಕಟ್ಟುಗಳೂ ಸಡಿಲುತ್ತವೆ. ಮುಟ್ಟು ನಿಂತ ಮೇಲೆ ದೇಹದಲ್ಲಿ ಸ್ತ್ರೀ ಹಾರ್ಮೋನು ಕುಗ್ಗುವುದರಿಂದ ಈ ಸಡಿಲಿಕೆ ಇನ್ನಷ್ಟು ಹೆಚ್ಚುತ್ತದೆ. ಆದ್ದರಿಂದ ಮೂವತ್ತರ ವಯಸ್ಸಿನಲ್ಲಿ ಮೊದಲಾದ ತೊಂದರೆ ಅರವತ್ತರಲ್ಲಿ ಪೂರ್ಣ ರೂಪ ತಾಳುವುದುಂಟು.

ಇದು ಹೊಸ ಕಾಯಿಲೆಯೇನೂ ಅಲ್ಲ. ಚರಕಸಂಹಿತೆಯ ಚಿಕಿತ್ಸಾಸ್ಥಾನದ 30ನೆಯ ಅಧ್ಯಾಯದಲ್ಲಿ 20 ಬಗೆಯ ಯೋನಿವ್ಯಾಪತ್ತುಗಳ ವಿವರಣೆಯಿದ್ದು, ಅವುಗಳಲ್ಲಿ ಮಹಾಯೋನಿ ಎಂಬುದು ಸೇರಿದೆ. ಸುಶ್ರುತಸಂಹಿತೆಯು ಸ್ಥಾನದಿಂದ ಜಾರುವ ಬೇನೆಯನ್ನು ಪ್ರಸ್ರಂಸಿನೀ ಎಂದು ಹೆಸರಿಸಿದೆ. ಪ್ರಾಚೀನ ಗ್ರೀಕ್ ವೈದ್ಯರು ಜಾರಿದ ಅಂಗವನ್ನು ಒಳಸೇರಿಸಿ, ಮತ್ತೆ ಇಳಿಯದಂತೆ ದಾಳಿಂಬೆ ಹಣ್ಣಿನ ಹೋಳನ್ನು ಆಸರೆಯಾಗಿ ಇರಿಸುತ್ತಿದ್ದರೆಂಬ ಉಲ್ಲೇಖಗಳಿವೆ. ಎರಡು ಸಾವಿರ ವರ್ಷಗಳ ಹಿಂದೆಯೇ ವೈದ್ಯರು ನಾಚದೆ ಬರೆದಿಟ್ಟ ವಿಷಯವನ್ನು ಇಂದು ನಾವು ನಾಚಿ ಮುಚ್ಚಿಡುವುದು ವಿಚಿತ್ರವೇ ಸರಿ.

1996ರಿಂದ ಜಗತ್ತಿನ ವೈದ್ಯರು ಒಂದೇ ಅಳತೆಯನ್ನು ಅನುಸರಿಸಿ ಇದನ್ನು ನಾಲ್ಕು ಹಂತಗಳಾಗಿ ವಿಂಗಡಿಸುತ್ತಾರೆ. ಮೊದಲನೆಯ ಹಂತದಲ್ಲಿ ಅಂಗವು ಒಳಗೇ ಸ್ವಲ್ಪ ಇಳಿದಿರುತ್ತದೆ. ಎರಡನೆಯದರಲ್ಲಿ ಯೋನಿದ್ವಾರದ ಸಮೀಪಕ್ಕೆ ಬರುತ್ತದೆ. ಮೂರನೆಯದರಲ್ಲಿ ಹೊರಗೆ ಕಾಣುತ್ತದೆ. ನಾಲ್ಕನೆಯದರಲ್ಲಿ ಪೂರ್ಣವಾಗಿ ಹೊರಬಂದಿರುತ್ತದೆ. ಮೊದಲ ಹಂತದಲ್ಲಿರುವ ಹಲವರಿಗೆ ಯಾವ ತೊಂದರೆಯೂ ತಿಳಿಯುವುದಿಲ್ಲ, ಅಂಥವರಿಗೆ ಭಯಪಡುವ ಕಾರಣವೂ ಇಲ್ಲ. ನಾವು ಇಲ್ಲಿ ಮುಖ್ಯವಾಗಿ ಹೇಳಹೊರಟಿರುವುದು ಮೂರನೆಯ ಮತ್ತು ನಾಲ್ಕನೆಯ ಹಂತದವರನ್ನು ಕುರಿತು.

ಮೂತ್ರಪಿಂಡಕ್ಕೂ ಇದಕ್ಕೂ ಏನು ನಂಟು?

ಮೂತ್ರಪಿಂಡಗಳು ಬೆನ್ನಿನ ಹಿಂಭಾಗದಲ್ಲಿ, ಪಕ್ಕೆಲುಬುಗಳ ಆಸರೆಯಲ್ಲಿವೆ. ಗರ್ಭಕೋಶವಿರುವುದು ಕೆಳಗೆ, ಸೊಂಟದ ಬಟ್ಟಲಿನಲ್ಲಿ. ಕೆಳಗಿನದು ಜಾರಿದರೆ ಮೇಲಿನದಕ್ಕೆ ಏಕೆ ಕೇಡು ಎಂಬ ಪ್ರಶ್ನೆ ಸಹಜ. ಉತ್ತರವು ಇವೆರಡರ ನಡುವೆ ಹಾದುಹೋಗುವ ಮೂತ್ರನಾಳಗಳಲ್ಲಿದೆ. ಪ್ರತಿ ಮೂತ್ರಪಿಂಡದಿಂದ ಹೊರಟು ಮೂತ್ರಕೋಶವನ್ನು ಸೇರುವ ಈ ನಾಳದ ಉದ್ದ ಸುಮಾರು 25ರಿಂದ 30 ಸೆಂಟಿಮೀಟರ್. ಅದು ಕೆಳಗಿಳಿದು ಬರುವಾಗ ಗರ್ಭಕೋಶದ ಕಂಠದ ಪಕ್ಕದಲ್ಲಿ, ಅದರಿಂದ ಕೇವಲ ಸುಮಾರು 2 ಸೆಂಟಿಮೀಟರ್ ದೂರದಲ್ಲಿ, ಗರ್ಭಕೋಶಕ್ಕೆ ರಕ್ತ ಒಯ್ಯುವ ಧಮನಿಯ ಅಡಿಯಲ್ಲಿ ನುಸುಳಿ ಮುಂದೆ ಸಾಗುತ್ತದೆ.

ಗರ್ಭಕೋಶವು ಪೂರ್ತಿಯಾಗಿ ಹೊರಕ್ಕೆ ಜಾರಿದಾಗ ಅದರೊಡನೆ ಈ ಧಮನಿಯೂ ಕಟ್ಟುಗಳೂ ಮೂತ್ರಕೋಶದ ತಳವೂ ಕೆಳಕ್ಕೆ ಎಳೆಯಲ್ಪಡುತ್ತವೆ. ಅವುಗಳ ನಡುವೆ ಸಿಕ್ಕಿದ ಮೂತ್ರನಾಳಗಳು ಎಳೆತಕ್ಕೆ ಬಾಗಿ, ಮಡಿಚಿ, ಸ್ನಾಯುಗಳ ಅಂಚಿನಲ್ಲಿ ಅದುಮಿಕೊಳ್ಳುತ್ತವೆ. ತೋಟಕ್ಕೆ ನೀರು ಹಾಯಿಸುವ ರಬ್ಬರ್ ಕೊಳವೆ ಮಡಿಚಿಕೊಂಡರೆ ಹಿಂಭಾಗದಲ್ಲಿ ನೀರು ತುಂಬಿ ಕೊಳವೆ ಉಬ್ಬುವುದನ್ನು ನಮ್ಮ ರೈತ ಬಂಧುಗಳು ಕಂಡೇ ಇದ್ದಾರೆ. ಇಲ್ಲಿ ನಡೆಯುವುದೂ ಅದೇ. ಮೂತ್ರವು ಹಿಂದಕ್ಕೆ ಒತ್ತಿ ನಾಳವು ಹಿಗ್ಗುತ್ತದೆ, ಬಳಿಕ ಮೂತ್ರಪಿಂಡವೇ ಊದಿಕೊಳ್ಳುತ್ತದೆ. ಎರಡು ಪಕ್ಕದ ನಾಳಗಳೂ ಒಟ್ಟಿಗೇ ಸಿಕ್ಕಿಕೊಳ್ಳುವುದುಂಟಾದ್ದರಿಂದ, ಒಂದು ಕೆಟ್ಟರೆ ಇನ್ನೊಂದು ಇದೆಯೆಂಬ ಧೈರ್ಯವೂ ಇಲ್ಲಿ ಉಳಿಯುವುದಿಲ್ಲ.

ಎರಡನೆಯ ದಾರಿಯೊಂದಿದೆ. ಮೂತ್ರಕೋಶವು ಜೋತುಬಿದ್ದಾಗ ಮೂತ್ರವು ಪೂರ್ತಿ ಹೊರಹೋಗದೆ ತಳದಲ್ಲಿ ಉಳಿಯುತ್ತದೆ. ನಿಂತ ನೀರಿನಲ್ಲಿ ಪಾಚಿ ಕಟ್ಟುವಂತೆ ಆ ಉಳಿಕೆಯಲ್ಲಿ ಸೋಂಕು ಬೆಳೆಯುತ್ತದೆ. ಸೋಂಕು ಮೇಲೇರಿ ಮೂತ್ರಪಿಂಡವನ್ನು ತಲುಪಿದರೆ ಚಳಿಜ್ವರ, ಪಕ್ಕೆನೋವು, ವಾಂತಿ ಕಾಣಿಸುತ್ತವೆ. ಮತ್ತೆ ಮತ್ತೆ ಹೀಗಾದರೆ ಮೂತ್ರಪಿಂಡದಲ್ಲಿ ಗಾಯದ ಕಲೆಗಳು ಉಳಿಯುತ್ತವೆ.

ಈ ನಂಟನ್ನು ವೈದ್ಯಲೋಕ ಬಹಳ ಹಿಂದೆಯೇ ಗುರುತಿಸಿದೆ. 1923ರಲ್ಲಿ ಬ್ರೆಟಾವರ್ ಮತ್ತು ರೂಬಿನ್ ಎಂಬ ವೈದ್ಯರು, ಗರ್ಭಕೋಶ ಮತ್ತು ಮೂತ್ರಕೋಶ ಜಾರಿದವರಲ್ಲಿ ಮೂತ್ರನಾಳ ಹಾಗೂ ಮೂತ್ರಪಿಂಡಗಳ ಊತವು ಹಲವು ವೇಳೆ ಕಂಡುಬರುತ್ತದೆಂದು ಅಮೆರಿಕದ ವೈದ್ಯಪತ್ರಿಕೆಯಲ್ಲಿ ಬರೆದರು. ಅಲ್ಲಿಂದೀಚೆಗೆ ಬಂದ ಹಲವು ವರದಿಗಳು ಹೇಳುವ ತಾತ್ಪರ್ಯ ಒಂದೇ: ಜಾರುವಿಕೆಯ ಹಂತ ಏರಿದಷ್ಟೂ ಮೂತ್ರಪಿಂಡದ ಊತದ ಸಂಭವ ಏರುತ್ತದೆ.

ನೋವಿಲ್ಲದ ಹಾನಿ

ಕಲ್ಲು ಸಿಕ್ಕಿ ಮೂತ್ರನಾಳ ಥಟ್ಟನೆ ಕಟ್ಟಿದರೆ ರೋಗಿ ನೋವಿನಿಂದ ಹೊರಳಾಡುತ್ತಾನೆ, ಮನೆಯವರು ಅಂದೇ ಆಸ್ಪತ್ರೆಗೆ ಒಯ್ಯುತ್ತಾರೆ. ಜಾರುವಿಕೆಯಿಂದಾಗುವ ಕಟ್ಟು ವರ್ಷಗಳ ಕಾಲ ನಿಧಾನವಾಗಿ ಬಿಗಿಯುವುದರಿಂದ ಬಹುತೇಕ ನೋವೇ ಇರುವುದಿಲ್ಲ. ಮೂತ್ರವೂ ಹೋಗುತ್ತಲೇ ಇರುತ್ತದೆ. ರಕ್ತದಲ್ಲಿನ ಕ್ರಿಯಾಟಿನಿನ್ ಎಂಬ ಅಂಶವನ್ನು ಅಳೆದು ಮೂತ್ರಪಿಂಡದ ಶಕ್ತಿಯನ್ನು ತಿಳಿಯುವುದು ರೂಢಿ. ಆದರೆ ಶಕ್ತಿಯ ಸುಮಾರು ಅರ್ಧದಷ್ಟು ಕುಂದುವವರೆಗೆ ಆ ಅಂಶವು ಸ್ಪಷ್ಟವಾಗಿ ಏರುವುದಿಲ್ಲ. ಆಯಾಸ, ಹಸಿವಿಲ್ಲದಿರುವುದು, ಕಾಲೂತ, ಮೈತುರಿಕೆ, ವಾಕರಿಕೆ ಕಾಣಿಸಿಕೊಂಡಾಗ ತಾಯಿ "ವಯಸ್ಸಾಯಿತು" ಎನ್ನುತ್ತಾಳೆ, ಮಕ್ಕಳೂ ಹಾಗೆಯೇ ನಂಬುತ್ತಾರೆ.

ಇದರ ಜೊತೆಗೆ ಎರಡು ರೂಢಿಗಳು ಹಾನಿಯನ್ನು ಹೆಚ್ಚಿಸುತ್ತವೆ. ಜಾರುವಿಕೆಯಿಂದ ಬರುವ ಸೊಂಟನೋವಿಗೆ ಅಂಗಡಿಯಲ್ಲಿ ಸಿಗುವ ಡೈಕ್ಲೋಫೆನಾಕ್, ಐಬುಪ್ರೊಫೆನ್ ಮೊದಲಾದ ನೋವಿನ ಗುಳಿಗೆಗಳನ್ನು ತಿಂಗಳುಗಟ್ಟಲೆ ನುಂಗುವುದು ಒಂದು. ಮೊದಲೇ ಒತ್ತಡದಲ್ಲಿರುವ ಮೂತ್ರಪಿಂಡಕ್ಕೆ ಈ ಗುಳಿಗೆಗಳು ಇನ್ನೊಂದು ಪೆಟ್ಟು. ಪದೇ ಪದೇ ಮೂತ್ರಕ್ಕೆ ಹೋಗಬೇಕಾದೀತೆಂಬ ಅಂಜಿಕೆಯಿಂದ, ಹೊಲದಲ್ಲೋ ಕೆಲಸದ ತಾಣದಲ್ಲೋ ಮರೆಯಿಲ್ಲವೆಂದು, ನೀರನ್ನೇ ಕುಡಿಯದಿರುವುದು ಮತ್ತೊಂದು. ನೀರು ಕಡಿಮೆಯಾದರೆ ಸೋಂಕಿಗೆ ಅನುಕೂಲ.

ನಮ್ಮ ತಾಲ್ಲೂಕುಗಳ ತಾಯಂದಿರು

2007ರಲ್ಲಿ ಬೆಂಗಳೂರು ಗ್ರಾಮಾಂತರದಿಂದ ಬೇರ್ಪಟ್ಟು ರಾಮನಗರ ಜಿಲ್ಲೆಯೆನಿಸಿ, 2025ರಲ್ಲಿ ಬೆಂಗಳೂರು ದಕ್ಷಿಣ ಜಿಲ್ಲೆಯೆಂಬ ಹೆಸರು ಪಡೆದ ಈ ಸೀಮೆಯ ಬದುಕನ್ನು ಹೆಣ್ಣುಮಕ್ಕಳ ದುಡಿಮೆಯೇ ಹಿಡಿದು ನಿಲ್ಲಿಸಿದೆ. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯ ಹೆಸರು ಏಷ್ಯಾ ಖಂಡದಲ್ಲೇ ಪ್ರಸಿದ್ಧ. ಆ ಗೂಡಿನ ಹಿಂದೆ ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊತ್ತ ತಲೆಗಳಿವೆ, ಹುಳುಮನೆಯಲ್ಲಿ ಬಗ್ಗಿ ಏಳುವ ಸೊಂಟಗಳಿವೆ, ನೂಲು ಬಿಚ್ಚುವ ಘಟಕಗಳಲ್ಲಿ ಬಿಸಿನೀರಿನ ಮುಂದೆ ದಿನವಿಡೀ ದುಡಿಯುವ ಕೈಗಳಿವೆ. ಚನ್ನಪಟ್ಟಣದಲ್ಲಿ ಬಣ್ಣದ ಬೊಂಬೆಗಳ ಕಾಯಕ, ಕನಕಪುರದ ಕಾಡಂಚಿನ ಹಳ್ಳಿಗಳಲ್ಲಿ ಸೌದೆ ಹೊರೆ, ಮಾಗಡಿಯ ಬೆದ್ದಲಿನಲ್ಲಿ ರಾಗಿಯ ಕಳೆ, ಕಟಾವು, ಮನೆಮನೆಯಲ್ಲಿ ಬಿಂದಿಗೆ ನೀರು. ಇಂದು ಅರವತ್ತು, ಎಪ್ಪತ್ತರ ಹರೆಯದಲ್ಲಿರುವ ಅಜ್ಜಿಯರಲ್ಲಿ ಅನೇಕರು ಮನೆಯಲ್ಲೇ ಹೆತ್ತವರು, ಬಾಣಂತನದ ದಿನಗಳು ಮುಗಿಯುವ ಮೊದಲೇ ಹೊರೆ ಎತ್ತಿದವರು, ಒಲೆಯ ಹೊಗೆ ಕುಡಿದು ಕೆಮ್ಮಿದವರು. ಜಾರುವಿಕೆಗೆ ಬೇಕಾದ ಕಾರಣಗಳೆಲ್ಲ ಈ ಬದುಕಿನಲ್ಲೇ ಅಡಗಿವೆ.

ಕರ್ನಾಟಕದ ತಾಯಂದಿರ ಮೌನವನ್ನು ಸಂಶೋಧಕರು ಅಂಕಿಯಲ್ಲೂ ತೋರಿಸಿದ್ದಾರೆ. ಭಾಟಿಯಾ ಮತ್ತು ಕ್ಲೀಲ್ಯಾಂಡ್ ಅವರು 1995ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನಮ್ಮ ರಾಜ್ಯದ, ಇತ್ತೀಚೆಗೆ ಹೆತ್ತ ಸುಮಾರು 3,600 ತಾಯಂದಿರನ್ನು ಮಾತನಾಡಿಸಲಾಗಿತ್ತು. ಅವರಲ್ಲಿ ಸುಮಾರು ಮೂರನೆಯ ಒಂದು ಪಾಲು ಜನ ತಮಗೆ ಒಂದಾದರೂ ಸ್ತ್ರೀರೋಗದ ಲಕ್ಷಣ ಇದೆಯೆಂದು ತಿಳಿಸಿದರು. ಕೇಳುವವರಿದ್ದರೆ ಹೇಳುವವರಿದ್ದಾರೆ ಎಂಬುದು ಇದರಿಂದ ವಿದಿತವಾಗುತ್ತದೆ. ನೆರೆಯ ನೇಪಾಳದಲ್ಲಿ ಈ ಬೇನೆ ಎಷ್ಟು ವ್ಯಾಪಕವಾಗಿತ್ತೆಂದರೆ, 2008ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯವು ಇದನ್ನು ಮಹಿಳೆಯರ ಹಕ್ಕಿನ ಪ್ರಶ್ನೆಯೆಂದೇ ಪರಿಗಣಿಸಿ ಸರ್ಕಾರಕ್ಕೆ ಆದೇಶ ನೀಡಬೇಕಾಯಿತು.

ಕೇಳಬೇಕಾದ ಎರಡು ಪ್ರಶ್ನೆಗಳು

ಈ ಲೇಖನದಿಂದ ಓದುಗರು ನೆನಪಿನಲ್ಲಿಡಬೇಕಾದುದು ಎರಡೇ ಮಾತು. ತಾಯಿಗೆ ಗರ್ಭಕೋಶ ಹೊರಗೆ ಜಾರಿದೆಯೆಂದು ತಿಳಿದರೆ, "ಮೂತ್ರಪಿಂಡವನ್ನು ಪರೀಕ್ಷಿಸಿದ್ದೀರಾ?" ಎಂದು ವೈದ್ಯರನ್ನು ಕೇಳಬೇಕು. ವಯಸ್ಸಾದ ಹೆಣ್ಣುಮಗಳ ಮೂತ್ರಪಿಂಡ ಊದಿದೆಯೆಂದು, ಕ್ರಿಯಾಟಿನಿನ್ ಏರಿದೆಯೆಂದು ವೈದ್ಯರು ಹೇಳಿದರೆ, "ಅಮ್ಮ, ನಿನಗೆ ಕೆಳಗೆ ಏನಾದರೂ ಜಾರಿದೆಯೇ?" ಎಂದು ಆಕೆಯನ್ನು ಕೇಳಬೇಕು. ಕಲ್ಲು, ಸಕ್ಕರೆ ಕಾಯಿಲೆ, ರಕ್ತದೊತ್ತಡವೆಂದು ಹುಡುಕುತ್ತ, ಸೀರೆಯ ಮರೆಯಲ್ಲಿರುವ ಕಾರಣವನ್ನು ಯಾರೂ ನೋಡದೆ ಹೋಗುವ ಸಂಭವವಿದೆ. ಆಕೆ ತಾನಾಗಿ ಹೇಳುವುದಿಲ್ಲ, ಕಾಲಿನೂತಕ್ಕೂ ಅದಕ್ಕೂ ಸಂಬಂಧವಿದೆಯೆಂದು ಆಕೆಗೆ ತಿಳಿದೂ ಇರುವುದಿಲ್ಲ.

ಪರೀಕ್ಷೆಗಳು ಸರಳವಾದವು: ಹೊಟ್ಟೆಯ ಅಲ್ಟ್ರಾಸೌಂಡ್ ಸ್ಕ್ಯಾನಿಂಗ್, ರಕ್ತದ ಯೂರಿಯಾ ಮತ್ತು ಕ್ರಿಯಾಟಿನಿನ್, ಮೂತ್ರದ ಸೋಂಕಿನ ಪರೀಕ್ಷೆ, ಮೂತ್ರ ಮಾಡಿದ ಮೇಲೆ ಎಷ್ಟು ಉಳಿದಿದೆ ಎಂಬ ಅಳತೆ. ಸ್ಕ್ಯಾನಿಂಗ್ ಮಾಡುವವರಿಗೆ ಜಾರುವಿಕೆಯ ವಿಷಯವನ್ನು ಮೊದಲೇ ತಿಳಿಸಬೇಕು. ಮೊದಲ ತಪಾಸಣೆಗೆ ಹತ್ತಿರದ ತಾಲ್ಲೂಕು ಆಸ್ಪತ್ರೆಗೆ ಇಲ್ಲವೆ ರಾಮನಗರದ ಜಿಲ್ಲಾ ಆಸ್ಪತ್ರೆಗೆ ಹೋಗಬಹುದು. ಹೇಳಲು ಸಂಕೋಚವಿದ್ದರೆ ಊರಿನ ಆಶಾ ಕಾರ್ಯಕರ್ತೆಯ ಮೂಲಕ ಮಾತು ಆರಂಭಿಸಬಹುದು. ಹೆಚ್ಚಿನ ಚಿಕಿತ್ಸೆ ಬೇಕಾದಲ್ಲಿ 1935ರಿಂದ ತಾಯಂದಿರ ಸೇವೆಯಲ್ಲಿರುವ ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆಯಿದೆ. ಅದರ ನೆರೆಯಲ್ಲೇ, ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿ, ಮೂತ್ರಪಿಂಡ ರೋಗಗಳಿಗೆಂದೇ ಮೀಸಲಾದ ನೆಫ್ರೋ ಯುರಾಲಜಿ ಸಂಸ್ಥೆಯಿದೆ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗಿನ ಚಿಕಿತ್ಸೆಗೆ ಅವಕಾಶವಿದೆ. ಪಡಿತರ ಚೀಟಿ, ಆಧಾರ್ ಜೊತೆಯಲ್ಲಿ ಒಯ್ಯುವುದನ್ನು ಮರೆಯಬಾರದು.

ಕೆಲವು ಲಕ್ಷಣಗಳಿದ್ದರೆ ಅಂದೇ ಆಸ್ಪತ್ರೆಗೆ ಹೋಗಬೇಕು: ಮೂತ್ರ ನಿಂತುಹೋಗುವುದು ಅಥವಾ ತೀರ ಕಡಿಮೆಯಾಗುವುದು, ನಡುಕದೊಡನೆ ಜ್ವರ ಮತ್ತು ಪಕ್ಕೆನೋವು, ಮುಖ ಊದುವುದು, ಉಸಿರುಕಟ್ಟುವುದು, ಮಂಪರು, ಹೊರಬಂದ ಅಂಗವನ್ನು ಒಳಸೇರಿಸಲಾಗದಿರುವುದು, ಅದರ ಬಣ್ಣ ಕಪ್ಪಾಗುವುದು. ಅದರ ಮೇಲೆ ಹುಣ್ಣು ಅಥವಾ ರಕ್ತಸ್ರಾವವಿದ್ದರೂ ತೋರಿಸಲೇಬೇಕು. ಬಟ್ಟೆಯ ಉಜ್ಜುವಿಕೆಯಿಂದ ಹುಣ್ಣಾಗಿರಬಹುದು, ಆದರೆ ಕ್ಯಾನ್ಸರ್ ಅಲ್ಲವೆಂದು ಖಚಿತಪಡಿಸಿಕೊಳ್ಳುವುದು ವಿವೇಕ.

ಚಿಕಿತ್ಸೆಯ ಹಾದಿಗಳು

ಸಮಾಧಾನದ ಸಂಗತಿಯೆಂದರೆ, ಜಾರಿದ ಅಂಗವನ್ನು ಅದರ ನೆಲೆಗೆ ಸೇರಿಸಿ ಅಲ್ಲೇ ನಿಲ್ಲಿಸಿದರೆ ಮೂತ್ರನಾಳಗಳ ಮಡಿಕೆ ಬಿಚ್ಚಿಕೊಂಡು ಮೂತ್ರಪಿಂಡದ ಊತ ಇಳಿಯುವುದುಂಟು. ಎಷ್ಟು ಬೇಗ ಮಾಡಿದರೆ ಅಷ್ಟು ಚೇತರಿಕೆ. ಬಹುಕಾಲ ಅದುಮಿಕೊಂಡಿದ್ದ ಮೂತ್ರಪಿಂಡವು ತೆಳುವಾಗಿ ಸವೆದುಹೋಗಿದ್ದರೆ ಕಳೆದ ಶಕ್ತಿ ಮರಳದು. ಆಗ ಉಳಿಯುವುದು ವಾರಕ್ಕೆ ಎರಡು ಮೂರು ಸಲ, ಪ್ರತಿ ಸಲ ಸುಮಾರು 4 ಗಂಟೆಗಳ ಡಯಾಲಿಸಿಸ್. ಮಗನೋ ಮಗಳೋ ಕೂಲಿ ಬಿಟ್ಟು ಜೊತೆಗೆ ಹೋಗಬೇಕು, ಅದೂ ಬದುಕಿನ ಉದ್ದಕ್ಕೂ. ಎರಡನ್ನೂ ತೂಗಿ ನೋಡಿದರೆ ಮೊದಲೇ ಹೇಳಿಕೊಳ್ಳುವ ಸಂಕೋಚ ಎಷ್ಟು ಹಗುರವೆಂಬುದು ತಿಳಿಯುತ್ತದೆ.

ಮೊದಲನೆಯ ಹಾದಿ ಪೆಸರಿ ಎಂಬ ಉಂಗುರ. ಸಿಲಿಕೋನ್ ಅಥವಾ ಪ್ಲಾಸ್ಟಿಕ್‌ನ ಈ ಬಳೆಯನ್ನು ವೈದ್ಯರು ಅಳತೆ ನೋಡಿ ಒಳಗಿರಿಸುತ್ತಾರೆ. ಶಸ್ತ್ರಚಿಕಿತ್ಸೆ ಬೇಡವೆನ್ನುವವರಿಗೆ, ಹೃದ್ರೋಗ ಮೊದಲಾದವುಗಳಿಂದ ಅದನ್ನು ತಾಳಲಾರದವರಿಗೆ, ಶಸ್ತ್ರಚಿಕಿತ್ಸೆಗೆ ಮೊದಲು ಮೂತ್ರಪಿಂಡ ಚೇತರಿಸಿಕೊಳ್ಳಲೆಂದು ಕಾಯುವವರಿಗೆ ಇದು ಉಪಯುಕ್ತ. ವೈದ್ಯರು ಹೇಳಿದಂತೆ ಕೆಲವು ತಿಂಗಳಿಗೊಮ್ಮೆ ತೆಗೆಸಿ ತೊಳೆಸಬೇಕು. ಹಾಕಿಸಿ ಮರೆತುಬಿಟ್ಟರೆ ಅದೇ ಹುಣ್ಣಿಗೆ ಕಾರಣವಾಗುತ್ತದೆ.

ಎರಡನೆಯದು ಶಸ್ತ್ರಚಿಕಿತ್ಸೆ. ಗರ್ಭಕೋಶವನ್ನು ತೆಗೆದು ಸಡಿಲವಾದ ಗೋಡೆಗಳನ್ನು ಬಿಗಿಗೊಳಿಸುವುದು ಹೆಚ್ಚು ಬಳಕೆಯಲ್ಲಿದೆ. ಗರ್ಭಕೋಶವನ್ನು ಉಳಿಸಿಕೊಂಡು ಮೇಲಕ್ಕೆತ್ತಿ ಕಟ್ಟುವ ವಿಧಾನಗಳೂ ಇವೆ. ಅವುಗಳಲ್ಲೊಂದನ್ನು ರೂಪಿಸಿದವರು ಮುಂಬಯಿಯಲ್ಲಿ ವೈದ್ಯರಾಗಿದ್ದ ಡಾ. ವಿ. ಎನ್. ಶಿರೋಡ್ಕರ್. ತೀರ ವಯಸ್ಸಾದವರಿಗೆ ಇನ್ನೂ ಸರಳವಾದ ಶಸ್ತ್ರಕ್ರಮಗಳಿವೆ. ಯೋನಿಮಾರ್ಗದ ಮೂಲಕ ಬಲೆಯನ್ನು ಅಳವಡಿಸುವ ವಿಧಾನ ಕೆಲಕಾಲ ಪ್ರಚಾರದಲ್ಲಿತ್ತು. ಜಾರುವಿಕೆಗೆಂದು ಹಾಗೆ ಬಳಸುವ ಬಲೆಗಳ ಮಾರಾಟವನ್ನು 2019ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ನಿಲ್ಲಿಸಿತು. ಆದ್ದರಿಂದ ಯಾವ ವಿಧಾನ, ಏಕೆ ಎಂದು ಕೇಳಿ ತಿಳಿದುಕೊಳ್ಳುವುದು ರೋಗಿಯ ಹಕ್ಕು. ಶಸ್ತ್ರಚಿಕಿತ್ಸೆಯ ನಂತರವೂ ಭಾರ ಎತ್ತಿದರೆ ಜಾರುವಿಕೆ ಮರುಕಳಿಸಬಹುದು.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಬಿಳಿಮುಟ್ಟು, ಹೊಟ್ಟೆನೋವುಗಳಿಗೆಲ್ಲ ಗರ್ಭಕೋಶ ತೆಗೆಸುವುದು ಚಿಕಿತ್ಸೆಯಲ್ಲ. ಅನಗತ್ಯವಾಗಿ ಗರ್ಭಕೋಶ ತೆಗೆದರೆಂದು 2015ರಲ್ಲಿ ಕಲಬುರಗಿ ಜಿಲ್ಲೆಯ ತಾಂಡಾಗಳ ಮಹಿಳೆಯರು ದನಿಯೆತ್ತಿದ್ದನ್ನು ನಾಡು ಕಂಡಿದೆ. ಸಂಶಯವಿದ್ದಲ್ಲಿ ಎರಡನೆಯ ವೈದ್ಯರ ಅಭಿಪ್ರಾಯ ಪಡೆಯಬೇಕು. ಹಾಗೆಯೇ ಬೇರು, ಸೊಪ್ಪು, ಬಟ್ಟೆಯುಂಡೆಗಳನ್ನು ಒಳಗಿರಿಸುವ ಗುಟ್ಟಿನ ಮದ್ದುಗಳು ಸೋಂಕನ್ನು ಬರಮಾಡಿಕೊಳ್ಳುವ ದಾರಿಗಳು.

ತಡೆಯುವ ಬಗೆ

ಆರಂಭದ ಹಂತದವರಿಗೆ ವ್ಯಾಯಾಮವೇ ಔಷಧ. ಅಮೆರಿಕದ ವೈದ್ಯ ಆರ್ನಾಲ್ಡ್ ಕೆಗೆಲ್ 1948ರಲ್ಲಿ ಪ್ರಚುರಪಡಿಸಿದ ಈ ಕ್ರಮ ಸುಲಭ. ಹೋಗುತ್ತಿರುವ ಮೂತ್ರವನ್ನು ತಡೆಯಲು ಬಿಗಿಯುವ ಸ್ನಾಯುಗಳನ್ನೇ, ಮೂತ್ರಕ್ಕೆ ಹೋಗದ ಸಮಯದಲ್ಲಿ, ಐದರವರೆಗೆ ಎಣಿಸುತ್ತ ಬಿಗಿಹಿಡಿದು, ಅಷ್ಟೇ ಹೊತ್ತು ಸಡಿಲಬಿಡಬೇಕು. ಹೀಗೆ ಹತ್ತು ಬಾರಿ, ದಿನಕ್ಕೆ ಮೂರು ಸಲ, ಕನಿಷ್ಠ ಮೂರು ನಾಲ್ಕು ತಿಂಗಳು ಮಾಡಬೇಕು. ಕುಳಿತು, ಮಲಗಿ, ಅಡುಗೆ ಮಾಡುತ್ತಲೂ ಯಾರಿಗೂ ತಿಳಿಯದಂತೆ ಮಾಡಬಹುದು. ಪೂರ್ತಿ ಹೊರಬಂದ ಗರ್ಭಕೋಶವನ್ನು ವ್ಯಾಯಾಮದಿಂದ ಮಾತ್ರ ಒಳಸೇರಿಸಲಾಗದೆಂಬುದೂ ನೆನಪಿರಲಿ.

ಬಾಣಂತಿಗೆ ವಿಶ್ರಾಂತಿ ನೀಡುವ ನಮ್ಮ ಹಿರಿಯರ ಪದ್ಧತಿ ಶ್ರೇಷ್ಠವಾದುದು. ಅದು ಅನುಕೂಲಸ್ಥರ ಮನೆಗೆ ಮಾತ್ರ ಸೀಮಿತವಾಗದೆ ಕೂಲಿಯ ಮನೆಗೂ ದೊರೆಯಬೇಕು. ಹೆರಿಗೆಯಾದ ಮೊದಲ ಎರಡು ಮೂರು ತಿಂಗಳು ತುಂಬಿದ ಬಿಂದಿಗೆಯನ್ನು, ಸೊಪ್ಪಿನ ಹೊರೆಯನ್ನು ಆಕೆಯ ತಲೆಗೆ ಏರಿಸಬಾರದು. ನಾರಿನಂಶವಿರುವ ರಾಗಿ, ಕಾಳು, ಸೊಪ್ಪು ಮತ್ತು ಸಾಕಷ್ಟು ನೀರು ಮಲಬದ್ಧತೆಯನ್ನು ತಡೆಯುತ್ತವೆ. ಬಹುಕಾಲದ ಕೆಮ್ಮಿಗೆ ಚಿಕಿತ್ಸೆ ಮಾಡಿಸಬೇಕು. ಮೂತ್ರಪಿಂಡ ಈಗಾಗಲೇ ದುರ್ಬಲವಾಗಿರುವವರು ಮಾತ್ರ ನೀರಿನ ಪ್ರಮಾಣವನ್ನು ವೈದ್ಯರಿಂದಲೇ ಕೇಳಿ ತಿಳಿಯಬೇಕು.

ಮನೆಯವರ ಹೊಣೆ

ಅತ್ತೆಯಾದವಳು ಸೊಸೆಯನ್ನು, ಸೊಸೆಯಾದವಳು ಅತ್ತೆಯನ್ನು, ಮಗಳು ತಾಯಿಯನ್ನು ಏಕಾಂತದಲ್ಲಿ ಕುಳ್ಳಿರಿಸಿಕೊಂಡು ಮೆಲ್ಲನೆ ಕೇಳಬೇಕು. ಗಂಡಂದಿರೂ ಗಂಡುಮಕ್ಕಳೂ ಇದು ಹೆಂಗಸರ ವಿಷಯವೆಂದು ಎದ್ದುಹೋಗದೆ, ಬಸ್ಸಿನ ಖರ್ಚಿಗೂ ಮನೆಗೆಲಸಕ್ಕೂ ದನಕರುಗಳ ಮೇವಿಗೂ ವ್ಯವಸ್ಥೆ ಮಾಡಿ ಆಕೆಯನ್ನು ನಿಶ್ಚಿಂತೆಯಿಂದ ಆಸ್ಪತ್ರೆಗೆ ಕಳುಹಿಸಬೇಕು. ಎಷ್ಟೋ ತಾಯಂದಿರು ಕಾಯಿಲೆಗೆ ಹೆದರಿ ಹಿಂಜರಿಯುವುದಿಲ್ಲ, ತಾನು ಹತ್ತು ದಿನ ಮಲಗಿದರೆ ಮನೆ ನಡೆಯುವುದು ಹೇಗೆಂದು ಹಿಂಜರಿಯುತ್ತಾರೆ. ಊರಿನ ಮಠಗಳು, ಮಹಿಳಾ ಸಂಘಗಳು ಆರೋಗ್ಯ ಶಿಬಿರಗಳನ್ನು ಏರ್ಪಡಿಸುವಾಗ ಕಣ್ಣು, ಹಲ್ಲು, ಸಕ್ಕರೆಯ ತಪಾಸಣೆಯೊಂದಿಗೆ ಮಹಿಳಾ ವೈದ್ಯರನ್ನೂ ಮರೆಯಿರುವ ಒಂದು ಕೋಣೆಯನ್ನೂ ಒದಗಿಸಿದರೆ ಮಹದುಪಕಾರವಾಗುತ್ತದೆ.

ಹೆತ್ತು, ಹೊತ್ತು, ಸಾಕಿದ ದೇಹ ದಣಿದಾಗ ಅದರ ದಣಿವನ್ನು ಕೇಳುವುದು ಮಕ್ಕಳ ಕರ್ತವ್ಯ. ಈ ಸಂಚಿಕೆಯನ್ನು ಓದಿ ಮಡಿಚಿಡುವ ಮೊದಲು ಮನೆಯ ಹಿರಿಯ ತಾಯಿಯನ್ನು ಆ ಒಂದು ಪ್ರಶ್ನೆ ಕೇಳಬೇಕೆಂದು ಓದುಗ ಬಂಧುಗಳಲ್ಲಿ ನಮ್ಮ ಕಳಕಳಿಯ ವಿನಂತಿ.